ಮಕ್ಕಳ ಹಳೆಯ ಕಂಪ್ಯೂಟರ್ ನಿಧಾನವಾಗಿದೆಯೇ? ಹೊಸತು ಕೊಳ್ಳುವ ಮೊದಲು ಪರೀಕ್ಷಿಸಿ

"ಪಪ್ಪಾ, ಈ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಒಂದು ಚಹಾ ಕುಡಿದು ಬರಬಹುದು. ಹೊಸತು ತೆಗೆದುಕೊಡಿ." ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಸಾಮಾನ್ಯ. ಅದು ಕೇಳಿಬರುವುದೂ ಕಾಲೇಜು ಫೀಸು, ಪುಸ್ತಕ, ಬಸ್ ಪಾಸ್ ಎಂದು ಖರ್ಚು ಒಟ್ಟಾಗಿ ಬರುವ ದಿನಗಳಲ್ಲಿಯೇ. ಹೆತ್ತವರಿಗೆ ಎರಡು ಭಯ. ಹಳೆಯದಕ್ಕೆ ಹಣ ಹಾಕಿದರೆ ಅದು ನೀರಿನಲ್ಲಿ ಹೋಮವಾದೀತೇ? ಹೊಸತು ಕೊಂಡರೆ ಅನಗತ್ಯ ಸಾಲವಾದೀತೇ?

ಇದಕ್ಕೆ ಉತ್ತರ ಕಂಪ್ಯೂಟರಿನ ವಯಸ್ಸಿನಲ್ಲಿಲ್ಲ. ಅದನ್ನು ನಿಧಾನ ಮಾಡುತ್ತಿರುವ ಭಾಗ ಯಾವುದು ಎಂಬುದರಲ್ಲಿದೆ. ಅದನ್ನು ತಿಳಿಯದೆ ಅಂಗಡಿಗೆ ಹೋಗಬೇಡಿ.

ಮೊದಲು ಫೈಲ್‌ಗಳನ್ನು ಉಳಿಸಿಕೊಳ್ಳಿ

ಯಾವ ರಿಪೇರಿಗೂ ಮುಂಚೆ ಮಗುವಿನ ಪ್ರಾಜೆಕ್ಟ್, ನೋಟ್ಸ್ ಮತ್ತು ಮನೆಯವರ ಫೋಟೋಗಳನ್ನು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಹಳೆಯ ಹಾರ್ಡ್ ಡಿಸ್ಕ್ 'ಟಕ್ ಟಕ್' ಎಂದು ಸದ್ದು ಮಾಡುತ್ತಿದ್ದರೆ ಈ ಕೆಲಸವನ್ನು ಇಂದೇ ಮಾಡಿ. ಕೆಟ್ಟ ಡಿಸ್ಕನ್ನು ಬದಲಾಯಿಸಬಹುದು, ಆದರೆ ಅದರಲ್ಲಿದ್ದ ಮೊದಲ ಪರಮಪ್ರಸಾದದ ಫೋಟೋಗಳು ಮರಳಿ ಸಿಗುವ ಭರವಸೆ ಇಲ್ಲ.

ಖರ್ಚಿಲ್ಲದ ಪರೀಕ್ಷೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಕಂಪ್ಯೂಟರ್ ತಡವರಿಸುವ ಹೊತ್ತಿಗೇ ಇದನ್ನು ನೋಡಬೇಕು.

1. 'ಡಿಸ್ಕ್' ಎಂಬಲ್ಲಿ ಬಹಳ ಹೊತ್ತು ಶೇ. 100 ಇದ್ದರೆ ತೊಂದರೆ ಹೆಚ್ಚಾಗಿ ಹಾರ್ಡ್ ಡಿಸ್ಕಿನದ್ದು.
2. 'ಮೆಮೊರಿ' ಶೇ. 90ರ ಆಸುಪಾಸಿನಲ್ಲೇ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ.
3. 'ಸಿಪಿಯು' ಸದಾ ಶೇ. 100 ಇದ್ದರೆ ಪ್ರೊಸೆಸರ್ ಸೋಲುತ್ತಿದೆ ಅಥವಾ ಯಾವುದೋ ವೈರಸ್ ಒಳಗೆ ಕುಳಿತಿದೆ.

ಅದೇ ಟಾಸ್ಕ್ ಮ್ಯಾನೇಜರಿನ 'ಸ್ಟಾರ್ಟಪ್' ವಿಭಾಗದಲ್ಲಿ, ಕಂಪ್ಯೂಟರ್ ಆನ್ ಆದೊಡನೆ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಮ್‌ಗಳ ಪಟ್ಟಿ ಇರುತ್ತದೆ. ಬೇಡವಾದ ಆಟ ಮತ್ತು ಮೆಸೇಜಿಂಗ್ ಪ್ರೋಗ್ರಾಮ್‌ಗಳನ್ನು ಅಲ್ಲಿ ನಿಲ್ಲಿಸಬಹುದು. ನಂತರ ವೈರಸ್ ತಪಾಸಣೆ ಮಾಡಿಸಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಇದೆ. ತೇವಾಂಶ ಮತ್ತು ಉಪ್ಪುಗಾಳಿಯಿಂದ ಒಳಗಿನ ಲೋಹದ ಸಂಪರ್ಕಗಳಿಗೆ ಕಿಲುಬು ಹಿಡಿಯುತ್ತದೆ, ಫ್ಯಾನಿಗೆ ಧೂಳು ಅಂಟುತ್ತದೆ. ಪ್ರೊಸೆಸರ್ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಹಲವು ಕಂಪ್ಯೂಟರ್‌ಗಳು ಒಳಗೆ ಚೊಕ್ಕ ಮಾಡಿಸಿದ ಮಾತ್ರಕ್ಕೇ ಚೇತರಿಸಿಕೊಳ್ಳುವುದುಂಟು.

ಯಾವ ಭಾಗ ಬದಲಿಸಿದರೆ ಲಾಭ?

ಒಂದು ಉದಾಹರಣೆ ನೋಡೋಣ. ಕಂಪ್ಯೂಟರ್ 2016ರಲ್ಲಿ ಕೊಂಡದ್ದು, ಐ3-6100 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10 ಎಂದಿಟ್ಟುಕೊಳ್ಳಿ.

ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆ ಮತ್ತು ಅದರ ಮೇಲೆ ಓಡಾಡುವ ಮುಳ್ಳು ಇರುತ್ತದೆ. ವಿಂಡೋಸ್ ಆರಂಭವಾಗುವಾಗ ಸಾವಿರಾರು ಸಣ್ಣ ಫೈಲ್‌ಗಳನ್ನು ಓದಬೇಕು. ಮುಳ್ಳು ಅಲ್ಲಿಂದಿಲ್ಲಿಗೆ ಓಡಿ ಸುಸ್ತಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಇಂತಹ ಕಂಪ್ಯೂಟರಿಗೆ 256 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಹಾಕಿದರೆ, ನಿಮಿಷಗಟ್ಟಲೆ ಕಾಯುತ್ತಿದ್ದದ್ದು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಸಿದ್ಧವಾಗುತ್ತದೆ. ಹಾಕಿದ ಹಣಕ್ಕೆ ಹೆಚ್ಚು ಫಲ ಕೊಡುವ ಬದಲಾವಣೆ ಇದೇ.

ಎರಡನೆಯದು ರ‍್ಯಾಮ್. 4 ಜಿಬಿಯನ್ನು 8 ಜಿಬಿ ಮಾಡಿದರೆ ಬ್ರೌಸರ್, ಆನ್‌ಲೈನ್ ತರಗತಿ, ವರ್ಡ್ ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಡಿಡಿಆರ್3, ಡಿಡಿಆರ್4 ಎಂಬ ಬಗೆಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಆದುದರಿಂದ ನಿಮ್ಮದು ಯಾವುದೆಂದು ಬರೆದುಕೊಂಡು ಹೋಗಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಬಹಳ ಏರಿತು. ಎರಡು ಅಂಗಡಿಗಳಲ್ಲಿ ದರ ಕೇಳುವುದು ಒಳ್ಳೆಯದು.

ಪ್ರೊಸೆಸರ್ ಅಥವಾ ಮದರ್‌ಬೋರ್ಡ್ ಬದಲಿಸಬೇಕು ಎಂಬ ಮಾತು ಬಂದರೆ ಅಲ್ಲಿಗೆ ನಿಲ್ಲಿಸಿ. ಮದರ್‌ಬೋರ್ಡ್ ಬದಲಾದರೆ ಪ್ರೊಸೆಸರ್, ಬಹಳ ಸಲ ರ‍್ಯಾಮ್ ಕೂಡ ಬದಲಾಗಬೇಕು. ಆ ಖರ್ಚಿಗೆ ಹೊಸ ಕಂಪ್ಯೂಟರಿನ ಕಡೆಗೆ ಹೋಗುವುದೇ ಲೇಸು. ಒಟ್ಟು ರಿಪೇರಿ ವೆಚ್ಚ ಹೊಸದರ ಬೆಲೆಯ ಮೂರರಲ್ಲಿ ಒಂದು ಪಾಲು ಮೀರಬಾರದು ಎಂದು ಮನೆಯಲ್ಲಿ ಮೊದಲೇ ಒಂದು ಮಿತಿ ಹಾಕಿಕೊಳ್ಳಿ.

ವಿಂಡೋಸ್ 10ರ ಪ್ರಶ್ನೆ

ಮೈಕ್ರೋಸಾಫ್ಟ್ ಕಂಪೆನಿಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ ವರೆಗೆ ಸುರಕ್ಷತಾ ಅಪ್‌ಡೇಟ್‌ಗಳನ್ನು ಕೊಡುವುದಾಗಿ ಆಗ ಪ್ರಕಟಿಸಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಐ3-6100ರಲ್ಲಿ ಗೆರೆಯ ನಂತರದ 6 ತಲೆಮಾರನ್ನು ತಿಳಿಸುತ್ತದೆ. ಐ5-10400 ಎಂದಿದ್ದರೆ ಅದು 10ನೇ ತಲೆಮಾರು.

ಅಂದರೆ ನಮ್ಮ ಉದಾಹರಣೆಯ ಕಂಪ್ಯೂಟರ್ ಅಧಿಕೃತವಾಗಿ ವಿಂಡೋಸ್ 11ಕ್ಕೆ ಸಲ್ಲದು. ಆದರೂ ಅದನ್ನು ಎಸೆಯಬೇಕಾಗಿಲ್ಲ. ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಸಬಹುದು. ಅದರಲ್ಲಿ ಬ್ರೌಸರ್ ಇದೆ, ಬರವಣಿಗೆ ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್ ಇದೆ, ಕನ್ನಡ ಟೈಪಿಂಗ್ ಕೂಡ ಸಾಧ್ಯ. ಆದರೆ ಕಾಲೇಜು ಹೇಳುವ ಕೆಲವು ಸಾಫ್ಟ್‌ವೇರ್‌ಗಳು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತವೆ. ಉಪನ್ಯಾಸಕರನ್ನು ಮೊದಲೇ ಕೇಳಿ ತಿಳಿಯಿರಿ.

ಮಗುವಿನ ಅಗತ್ಯ ಏನು?

ಇಲ್ಲಿ ಮಗುವಿನೊಡನೆ ಕುಳಿತು ಮಾತನಾಡುವುದು ಮುಖ್ಯ. ನೋಟ್ಸ್ ಬರೆಯಲು, ವಿಡಿಯೋ ಪಾಠ ನೋಡಲು, ಸಿ ಅಥವಾ ಪೈಥಾನ್ ಕಲಿಯಲು ಎಸ್‌ಎಸ್‌ಡಿ ಹಾಕಿದ ಹಳೆಯ ಕಂಪ್ಯೂಟರ್ ಧಾರಾಳ ಸಾಕು. ಇಂಜಿನಿಯರಿಂಗ್ ಡ್ರಾಯಿಂಗ್, ವಿಡಿಯೋ ಎಡಿಟಿಂಗ್ ಬೇಕಾದರೆ ಅದು ಸಾಲದು. ಮಗ ಅಥವಾ ಮಗಳು ಪಿಯುಸಿಯಲ್ಲಿದ್ದರೆ ಈಗ ಸ್ವಲ್ಪ ಖರ್ಚಿನಲ್ಲಿ ಹಳೆಯದನ್ನು ನಡೆಸಿ. ಮುಂದೆ ಯಾವ ಕೋರ್ಸ್ ಎಂದು ನಿಶ್ಚಯವಾದ ಮೇಲೆ ಅದಕ್ಕೆ ತಕ್ಕದ್ದನ್ನು ಕೊಳ್ಳುವುದು ಜಾಣತನ. ಇಂದು ಅವಸರದಲ್ಲಿ ಕೊಂಡದ್ದು ಎರಡು ವರ್ಷದ ಬಳಿಕ ಆ ಕೋರ್ಸಿಗೆ ಸಾಲದೆ ಹೋಗಬಹುದು. ಹೊಸ ಆಟಗಳಿಗಾಗಿಯೇ ಬೇಡಿಕೆ ಇದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಚರ್ಚಿಸಿ. ಮನೆಯ ಲೆಕ್ಕ ತಿಳಿಸಿದರೆ ಮಕ್ಕಳು ಅರ್ಥಮಾಡಿಕೊಳ್ಳುತ್ತಾರೆ.

ಹೊಸತೇ ಬೇಕಾದರೆ

ಎಸ್‌ಎಸ್‌ಡಿ ಇರುವ, ಕನಿಷ್ಠ 8 ಜಿಬಿ ರ‍್ಯಾಮ್ ಇರುವ ಮತ್ತು ಮುಂದೆ ರ‍್ಯಾಮ್ ಹೆಚ್ಚಿಸಲು ಅವಕಾಶವಿರುವುದನ್ನು ಆರಿಸಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲಾಗದು. ಗಲ್ಫ್‌ನಲ್ಲಿರುವವರಿಂದ ತರಿಸುವುದಾದರೆ ಅದರ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಮಳೆಗಾಲದಲ್ಲಿ ಗುಡುಗು ಸಿಡಿಲು ಆರಂಭವಾದೊಡನೆ ಪ್ಲಗ್ ಮತ್ತು ಇಂಟರ್ನೆಟ್ ಕೇಬಲ್ ಎರಡನ್ನೂ ಕೀಳಬೇಕು. ಯುಪಿಎಸ್ ಇದೆ ಎಂದು ಧೈರ್ಯ ತಾಳಬೇಡಿ.

ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಡಿಸ್ಕಿನಲ್ಲಿರುವುದನ್ನೆಲ್ಲ ಪೂರ್ತಿ ಅಳಿಸಿ. ಕಂಪ್ಯೂಟರ್ ತ್ಯಾಜ್ಯಕ್ಕೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿವೆ. ಅದನ್ನು ಹಿತ್ತಲಲ್ಲಿ ಸುಡುವುದಾಗಲಿ ಹೊಳೆಬದಿಗೆ ಎಸೆಯುವುದಾಗಲಿ ಸಲ್ಲದು, ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಿ. ಇನ್ನೂ ನಡೆಯುವಂತಿದ್ದರೆ ತಮ್ಮ ತಂಗಿಯರಿಗೆ ಅಥವಾ ನೆರೆಮನೆಯ ವಿದ್ಯಾರ್ಥಿಗೆ ಉಪಯೋಗವಾದೀತು.

ಚರ್ಚ್ ಕಚೇರಿಯ ನಿಧಾನ ಕಂಪ್ಯೂಟರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಮೊದಲು ಫೈಲ್ ಉಳಿಸಿ, ನಂತರ ಕಾರಣ ಹುಡುಕಿ, ಕೊನೆಗೆ ಹಣ ಬಿಚ್ಚಿ. ಈ ಕ್ರಮ ತಪ್ಪದಿದ್ದರೆ ಹೆತ್ತವರ ದುಡಿಮೆಯ ಹಣವೂ ಉಳಿಯುತ್ತದೆ, ಮಕ್ಕಳ ಓದೂ ನಿಲ್ಲುವುದಿಲ್ಲ.