ಡಿ.ಸಿ. ವಿದ್ಯುತ್ ಮಾರ್ಗಕ್ಕೆ ರಕ್ಷಣೆ ಹೇಗೆ?

ಒಡಿಶಾದ ತಾಲ್ಚೇರ್‌ನಲ್ಲಿ ಕಲ್ಲಿದ್ದಲಿನಿಂದ ಉತ್ಪಾದನೆಯಾಗುವ ವಿದ್ಯುತ್ತು ಸುಮಾರು 1,370 ಕಿ.ಮೀ. ದೂರದ ನಮ್ಮ ಕೋಲಾರಕ್ಕೆ 500 ಕಿಲೋವೋಲ್ಟ್ ಡಿ.ಸಿ. ಮಾರ್ಗದಲ್ಲಿ ಬರುತ್ತದೆ. ಪವರ್ ಗ್ರಿಡ್ ಸಂಸ್ಥೆಯ ಈ ಮಾರ್ಗ 2003ರಲ್ಲಿ ಆರಂಭವಾಯಿತು. ಮೊದಲು 2,000 ಮೆಗಾವ್ಯಾಟ್ ಇದ್ದ ಇದರ ಸಾಮರ್ಥ್ಯವನ್ನು ನಂತರ 2,500ಕ್ಕೆ ಏರಿಸಲಾಯಿತು. ಇಷ್ಟು ಉದ್ದದ ದಾರಿಯಲ್ಲಿ ಸಿಡಿಲು ಬಡಿದರೆ, ತಂತಿಗೆ ಮರದ ಗೆಲ್ಲು ತಾಗಿದರೆ ಏನಾಗುತ್ತದೆ?

ನಮ್ಮ ಮನೆಗಳಿಗೆ ಬರುವ ಎ.ಸಿ. ವಿದ್ಯುತ್ ಪ್ರವಾಹವು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುತ್ತದೆ. ಬ್ರೇಕರ್ ತೆರೆದಾಗ ಹುಟ್ಟುವ ಕಿಡಿ ಆ ಕ್ಷಣದಲ್ಲಿ ಆರಿಹೋಗುತ್ತದೆ. ಡಿ.ಸಿ.ಗೆ ಇಂತಹ ಬಿಡುವಿಲ್ಲ. ಸಾಮಾನ್ಯ ಬ್ರೇಕರ್ ತೆರೆದರೂ ಕಿಡಿ ಉರಿಯುತ್ತಲೇ ಇರುತ್ತದೆ.

ಆದ್ದರಿಂದ ಇಂತಹ ಮಾರ್ಗಗಳಲ್ಲಿ ರಕ್ಷಣೆಯ ಹೊಣೆ, ಎ.ಸಿ.ಯನ್ನು ಡಿ.ಸಿ.ಯಾಗಿ ಪರಿವರ್ತಿಸುವ ಥೈರಿಸ್ಟರ್‌ಗಳದ್ದೇ. ಮಾರ್ಗದ ತುದಿಯಲ್ಲಿರುವ ದೊಡ್ಡ ರಿಯಾಕ್ಟರ್ ಸುರುಳಿಗಳು ಪ್ರವಾಹ ಒಮ್ಮೆಲೇ ಏರದಂತೆ ತಡೆಯುತ್ತವೆ. ಅಷ್ಟರಲ್ಲಿ ನಿಯಂತ್ರಣ ವ್ಯವಸ್ಥೆಯು ಥೈರಿಸ್ಟರ್‌ಗಳನ್ನು ಚಾಲೂ ಮಾಡುವ ಸಮಯವನ್ನು ಮುಂದೂಡುತ್ತದೆ. ಆಗ ಪರಿವರ್ತಕದ ವೋಲ್ಟೇಜ್ ತಿರುಗುಮುರುಗಾಗಿ, ಮಾರ್ಗದಲ್ಲಿದ್ದ ಶಕ್ತಿ ಹಿಂದಕ್ಕೆ ಬಂದು ಪ್ರವಾಹ ಸೊನ್ನೆಯಾಗುತ್ತದೆ. ಕಿಡಿ ಹಾರಿದ ಜಾಗದ ಗಾಳಿ ತಣಿಯಲೆಂದು ಸೆಕೆಂಡಿಗೂ ಕಡಿಮೆ ಹೊತ್ತು ಕಾದು, ಮತ್ತೆ ವಿದ್ಯುತ್ ಹರಿಸಲಾಗುತ್ತದೆ. ದೋಷ ಹಾಗೆಯೇ ಉಳಿದಿದ್ದರೆ ಆ ಧ್ರುವವನ್ನು ಪೂರ್ತಿ ನಿಲ್ಲಿಸಲಾಗುತ್ತದೆ. ಇನ್ನೊಂದು ಧ್ರುವವು ಭೂಮಿಯನ್ನೇ ಮರಳುದಾರಿಯಾಗಿ ಬಳಸಿಕೊಂಡು ಸುಮಾರು ಅರ್ಧದಷ್ಟು ವಿದ್ಯುತ್ತನ್ನು ಸಾಗಿಸಬಲ್ಲದು. ಹೀಗಾಗಿ ದಕ್ಷಿಣದ ರಾಜ್ಯಗಳು ಒಮ್ಮೆಲೇ ಅಷ್ಟೂ ವಿದ್ಯುತ್ ಕಳೆದುಕೊಳ್ಳುವ ಅಪಾಯ ತಗ್ಗುತ್ತದೆ.

ಹಲವು ಮಾರ್ಗಗಳು ಬಲೆಯಂತೆ ಕೂಡಿದಲ್ಲಿ ಈ ಉಪಾಯ ಸಾಲದು. ಒಂದು ಮಾರ್ಗದ ದೋಷಕ್ಕಾಗಿ ಇಡೀ ಜಾಲವನ್ನು ನಿಲ್ಲಿಸಲಾಗದು. ಇದಕ್ಕಾಗಿ ಎಬಿಬಿ ಕಂಪೆನಿಯು 2012ರಲ್ಲಿ, ಸುಮಾರು 5 ಮಿಲಿಸೆಕೆಂಡಿನಲ್ಲಿ ಪ್ರವಾಹ ಕಡಿಯುವ ಡಿ.ಸಿ. ಬ್ರೇಕರನ್ನು ಪ್ರಕಟಿಸಿತು. ಇದರಲ್ಲಿ ಯಾಂತ್ರಿಕ ಸ್ವಿಚ್ಚು, ಅರೆವಾಹಕ ಹಾಗೂ ಉಳಿದ ಶಕ್ತಿಯನ್ನು ಹೀರಿಕೊಳ್ಳುವ ಅರೆಸ್ಟರ್ ಜೊತೆಗೂಡಿ ಕೆಲಸ ಮಾಡುತ್ತವೆ. ಚೀನಾದ ಝಾಂಗ್‌ಬೇಯ್‌ನಲ್ಲಿ 2020ರಲ್ಲಿ ಆರಂಭವಾದ ನಾಲ್ಕು ಕೇಂದ್ರಗಳ 500 ಕಿಲೋವೋಲ್ಟ್ ಜಾಲದಲ್ಲಿ ಡಿ.ಸಿ. ಬ್ರೇಕರ್‌ಗಳನ್ನು ಅಳವಡಿಸಲಾಗಿದೆ.

ಇಲ್ಲಿ ಎಲ್ಲರೂ ಗಮನಿಸಬೇಕಾದ ಒಂದು ಮಾತಿದೆ. ದೋಷದ ನಂತರ ಮಾರ್ಗಕ್ಕೆ ತಾನಾಗಿಯೇ ಮತ್ತೆ ವಿದ್ಯುತ್ ಹರಿಯಬಹುದು. ಎ.ಸಿ. ಮಾರ್ಗಗಳಲ್ಲೂ ಇಂತಹ ವ್ಯವಸ್ಥೆ ಇರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕಡಿದು ಬಿದ್ದ ತಂತಿ ಕಂಡರೆ "ಕರೆಂಟ್ ಹೋಗಿದೆ" ಎಂದು ನಂಬಿ ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. ದೂರದಲ್ಲೇ ನಿಂತು 1912 ಸಹಾಯವಾಣಿಗೆ ಕರೆ ಮಾಡಿ.