ನೀಲಗಿರಿ ಮರದಿಂದ ಲಟ್ಟಣಿಗೆ, ಕಾವು ಕಡೆಯುವುದು



ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀಲಗಿರಿ ತೋಪನ್ನು ಕಾಣದವರು ಯಾರಿದ್ದಾರೆ? 1790ರ ಸುಮಾರಿನಲ್ಲಿ ಟಿಪ್ಪು ನಂದಿ ಬೆಟ್ಟದಲ್ಲಿ ಹಾಕಿಸಿದ ಸಸಿಗಳಿಂದ ಈ ಮರ ನಮ್ಮ ಸೀಮೆಗೆ ಬಂತು ಅಂತ ಹೇಳುತ್ತಾರೆ. ಅಂತರ್ಜಲದ ಚಿಂತೆಯಿಂದ 2017ರಲ್ಲಿ ಸರ್ಕಾರ ಹೊಸದಾಗಿ ಬೆಳೆಸುವುದಕ್ಕೆ ತಡೆ ಹಾಕಿತು. ಆದ್ದರಿಂದ ಇದು ನೆಡುವ ಮಾತಲ್ಲ, ಕಡಿದು ಬಿದ್ದಿರುವ ಮರದ ಮಾತು. ಎಲ್ಲವನ್ನೂ ಸೌದೆಯ ತೂಕಕ್ಕೆ ಕೊಟ್ಟುಬಿಡುವ ಮುಂಚೆ ದಪ್ಪನೆಯ ನಾಲ್ಕು ದಿಮ್ಮಿ ತೆಗೆದಿಡಿ. ಊರ ಬಡಗಿಯ ಹತ್ತಿರ ಲೇತ್ ಇದ್ದರೆ ಲಟ್ಟಣಿಗೆ, ಕಡೆಗೋಲು, ಉಳಿಯ ಹಿಡಿ, ಮಂಚದ ಕಾಲು ಎಲ್ಲಾ ಆಗುತ್ತವೆ.

“ಅಯ್ಯೋ, ನೀಲಗಿರಿ ಸೀಳಿಹೋಗುತ್ತೆ ಸ್ವಾಮಿ” ಅನ್ನುತ್ತೀರಿ. ನಿಜ, ಸೀಳುತ್ತದೆ. ಯಾಕೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬೇಗ ಬೆಳೆಯುವ ಈ ಮರ ನಿಂತಿರುವಾಗಲೇ ಒಳಗೆ ಬಿಗಿದುಕೊಂಡಿರುತ್ತದೆ. ಹೊರಗಿನ ಪದರ ಉದ್ದುದ್ದಕ್ಕೆ ಎಳೆದುಕೊಂಡಿರುತ್ತದೆ, ನಡುವಿನದು ಅದುಮಿಕೊಂಡಿರುತ್ತದೆ. ಹುಲ್ಲಿನ ಗಾಡಿಗೆ ಬಿಗಿದ ಹಗ್ಗ ಕೊಯ್ದರೆ ಹೊರೆ ಬಿಚ್ಚಿಕೊಳ್ಳುವುದಿಲ್ಲವೇ, ಹಾಗೆ ಗರಗಸ ಹಾಕಿದ ಕೂಡಲೇ ದಿಮ್ಮಿಯ ತುದಿ ಬಿರಿಯುತ್ತದೆ. ಆಮೇಲೆ ಬಿಸಿಲು ಸೇರಿದರೆ ತುದಿ ಬೇಗ ಒಣಗಿ ಕುಗ್ಗುತ್ತದೆ, ಬಿರುಕು ಇನ್ನೂ ಒಳಕ್ಕೆ ಓಡುತ್ತದೆ.

ಅದಕ್ಕೆ ಉಪಾಯ ಕೇಳಿ. ಬೇಕಾದುದಕ್ಕಿಂತ ಎರಡೂ ಕಡೆ ಒಂದು ಗೇಣು ಉದ್ದ ಬಿಟ್ಟೇ ಕೊಯ್ಯಿರಿ. ಕೊಯ್ದ ದಿನವೇ ತುದಿಗಳಿಗೆ ಕರಗಿಸಿದ ಮೇಣವನ್ನೋ ಹಳೆಯ ದಪ್ಪ ಬಣ್ಣವನ್ನೋ ಬಳಿಯಿರಿ. ಏನೂ ಇಲ್ಲದಿದ್ದರೆ ಸಗಣಿ, ಜೇಡಿಮಣ್ಣು ಕಲಸಿ ಮೆತ್ತಿರಿ. ಮೇಣದಷ್ಟು ಆಗದಿದ್ದರೂ ಬರಿದೇ ಬಿಡುವುದಕ್ಕಿಂತ ಎಷ್ಟೋ ವಾಸಿ. ದಿಮ್ಮಿಯನ್ನು ಇಡಿಯಾಗಿ ಒಣಗಿಸಬೇಡಿ. ನಡುವಿನ ತಿರುಳಿನ ಮೇಲೆ ಸರಿಯಾಗಿ ಹಾಯುವಂತೆ ನಾಲ್ಕು ಪಾಲು ಸೀಳಿ. 8 ಅಂಗುಲ ದಪ್ಪದ ದಿಮ್ಮಿಯಾದರೆ ಪ್ರತಿ ಪಾಲಿನಲ್ಲೂ ಒಂದೊಂದು ಲಟ್ಟಣಿಗೆ ಸಿಗುತ್ತದೆ. ತಿರುಳು ಯಾವ ಸಾಮಾನಿನೊಳಗೂ ಉಳಿಯಕೂಡದು. ಉಳಿದರೆ ಒಂದು ದಿನ ಅಲ್ಲಿಂದಲೇ ಸೀಳು ಬರುತ್ತದೆ. ಹೊರಗಿನ ಬಿಳಿ ಮರಕ್ಕೆ ಹುಳ ಬೀಳುತ್ತದೆ, ಅದನ್ನೂ ಕೆತ್ತಿಹಾಕಿ. ಕೆಂಪಗಿನ ಚೇಗೇ ನಿಮ್ಮ ಸೊತ್ತು. ಏಳೆಂಟು ವರ್ಷಕ್ಕೆ ಕಡಿದ ಕೂಳೆಮರದಲ್ಲಿ ಚೇಗು ಕಡಿಮೆ. ಅದು ಹಿಡಿ, ಕಾವಿಗೆ ಸಾಕು. ಬಟ್ಟಲು ಕಡೆಯುವ ಆಸೆ ಬೇಡ.

ಹಸಿ ಇದ್ದಾಗ ಉಳಿ ಸಲೀಸಾಗಿ ಓಡುತ್ತದೆ. ಒಣಗಿದ ಮೇಲೆ ಈ ಮರ ಕಲ್ಲು. ಆದ್ದರಿಂದ ಹಸಿಯಲ್ಲೇ ಒರಟಾಗಿ ಎರಡೂವರೆ ಅಂಗುಲಕ್ಕೆ ಕಡೆದು, ನೆರಳಿನಲ್ಲಿ, ಗಾಳಿ ನೇರ ಹೊಡೆಯದ ಕಡೆ ಇಡಿ. ಒಣಗುತ್ತಾ ಅದು ಒಂದು ದಿಕ್ಕಿಗೆ ಹೆಚ್ಚು ಕುಗ್ಗಿ ಮೊಟ್ಟೆಯಾಕಾರ ತಾಳುತ್ತದೆ, ಗಾಬರಿ ಬೇಡ; ಅದಕ್ಕೇ ಅರ್ಧ ಅಂಗುಲ ಹೆಚ್ಚು ಬಿಟ್ಟದ್ದು. ಒಣಗಿತೇ ಇಲ್ಲವೇ ಅಂತ ಕೈಯಲ್ಲಿ ಹಿಡಿದು ಊಹೆ ಮಾಡಬೇಡಿ. ವಾರಕ್ಕೊಮ್ಮೆ ತಕ್ಕಡಿಗೆ ಹಾಕಿ, ತೂಕವನ್ನು ಅದರ ಮೇಲೇ ಸೀಸದ ಕಡ್ಡಿಯಲ್ಲಿ ಬರೆಯಿರಿ. ಮೂರು ನಾಲ್ಕು ವಾರ ತೂಕ ಇಳಿಯದೆ ನಿಂತರೆ ಮತ್ತೆ ಲೇತಿಗೆ ಏರಿಸಬಹುದು.

ಈ ಮರದ ನಾರು ಹೆಣೆದುಕೊಂಡಿರುತ್ತದೆ. ಉಳಿ ಮೊಂಡಾದರೆ ನಾರು ಕಿತ್ತುಬರುತ್ತದೆ. ಆಗಾಗ್ಗೆ ಸಾಣೆ ಹಿಡಿಯಲೇಬೇಕು. ಹಸಿ ಮರದ ಮೇಲೆ ಕಬ್ಬಿಣದ ಮೊಳೆ, ಉಳಿ ಬಿಟ್ಟುಹೋದರೆ ಮರದ ಒಗರು ಕಬ್ಬಿಣಕ್ಕೆ ತಾಗಿ ಕಪ್ಪು ಕಲೆ ಬೀಳುತ್ತದೆ. ಲೇತ್ ಮುಂದೆ ಸಡಿಲ ತೋಳು, ಶಲ್ಯ, ಇಳಿಬಿಟ್ಟ ಜಡೆ ಬೇಡವೇ ಬೇಡ. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ.

ಚನ್ನಪಟ್ಟಣದ ಬೊಂಬೆಗೆ ಇದು ಆದೀತೇ ಅಂತ ಕೇಳುವವರುಂಟು. ಅಲ್ಲಿಯವರು ಬಳಸುವ ಆಲೆ ಮರ ಬಿಳುಪು, ನುಣುಪು, ಹಗುರ. ಅರಗಿನ ಬಣ್ಣ ಅದರ ಮೇಲೆ ಹೊಳೆಯುತ್ತದೆ. ನೀಲಗಿರಿಯದು ಬೇರೆ ಗುಣ, ಅದಕ್ಕೆ ಅದರದೇ ಕೆಂಪೇ ಚೆಂದ. ಲಟ್ಟಣಿಗೆಗೆ ಬಣ್ಣ, ವಾರ್ನಿಷ್ ಯಾವುದೂ ಬೇಡ. ನುಣ್ಣಗೆ ಉಜ್ಜಿ, ಹಾಗೇ ಬಳಸಿ. ತೊಳೆದ ಮೇಲೆ ಬಿಸಿಲಿಗಿಡದೆ ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ.