ಒಂದೇ ಕಡತದಲ್ಲಿ ಇಡಿಯ ಜಾಲಪುಟ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿಯನ್ನು ಅರಿಯದವರು ವಿರಳ. ಬಲಿತ ಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಇಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಕರಟವನ್ನು ಬಿಟ್ಟು ಇಡಿಯ ಉಂಡೆಯಾಗುತ್ತದೆ. ಇಷ್ಟು ಕಾಲ ಅದು ಕೆಡದಿರುವುದೇಕೆ? ಕಾಯಿಯನ್ನು ಒಡೆಯದೆ ಇಟ್ಟುದರಿಂದ; ತನಗೆ ಬೇಕಾದ ರಕ್ಷಣೆಯೆಲ್ಲ ಅದರ ಜೊತೆಯಲ್ಲಿಯೇ ಇರುವುದರಿಂದ. ಗಣಕಯಂತ್ರದ ಲೋಕದಲ್ಲಿಯೂ ಇಂಥದೇ ಒಂದು ಉಪಾಯವುಂಟು.

ಜಾಲಪುಟವು ತೆರೆಯ ಮೇಲೆ ಒಂದಾಗಿ ಕಂಡರೂ ಅದರ ಹಿಂದೆ ಹಲವು ಕಡತಗಳಿರುತ್ತವೆ. ಟಿಮ್ ಬರ್ನರ್ಸ್-ಲೀ ಅವರು ೧೯೯೧ರಲ್ಲಿ ಲೋಕದ ಮುಂದಿಟ್ಟ ಜಾಲದ ಪುಟಗಳಲ್ಲಿ ಇದ್ದುದು ಬರೆಹ ಮತ್ತು ಕೊಂಡಿಗಳು ಮಾತ್ರ. ಅವನ್ನು ಬರೆಯುವ ಭಾಷೆಯೇ ಎಚ್.ಟಿ.ಎಂ.ಎಲ್. ೧೯೯೩ರಲ್ಲಿ ಮೊಸಾಯಿಕ್ ಎಂಬ ಬ್ರೌಸರು ಬರೆಹದ ನಡುವೆ ಚಿತ್ರಗಳನ್ನು ತೋರಿಸಿತು. ೧೯೯೫ರಲ್ಲಿ ಬಂದ ಜಾವಾಸ್ಕ್ರಿಪ್ಟ್ ಪುಟಕ್ಕೆ ಲೆಕ್ಕ ಮಾಡುವ ಶಕ್ತಿಯನ್ನು ಕೊಟ್ಟಿತು. ೧೯೯೬ರಲ್ಲಿ ಬಂದ ಸಿ.ಎಸ್.ಎಸ್. ಬಣ್ಣ, ಅಳತೆಗಳ ಅಲಂಕಾರವನ್ನು ವಹಿಸಿಕೊಂಡಿತು. ಬ್ರೌಸರು ಮೊದಲು ಮುಖ್ಯ ಕಡತವನ್ನೋದಿ, ಅದರಲ್ಲಿರುವ ವಿಳಾಸಗಳನ್ನು ಅನುಸರಿಸಿ ಉಳಿದ ಕಡತಗಳನ್ನು ತರಿಸಿಕೊಳ್ಳುತ್ತದೆ.

ಬೆಂಗಳೂರಿನಲ್ಲಿರುವ ಮಗನೊಬ್ಬನು ಊರಿನ ತಂದೆಗಾಗಿ ಕೊಬ್ಬರಿಯ ಲೆಕ್ಕದ ಪುಟವೊಂದನ್ನು ರಚಿಸಿದನೆನ್ನೋಣ. ಅಟ್ಟಕ್ಕೇರಿದ ಕಾಯಿಗಳ ಸಂಖ್ಯೆ, ಸುಲಿಯುವ ಕೂಲಿ, ಗಾಡಿಯ ಬಾಡಿಗೆ, ತೂಕ, ಕ್ವಿಂಟಾಲಿನ ದರ ಇವನ್ನು ತುಂಬಿದರೆ ಕೈಗೆ ಬರಬೇಕಾದ ಹಣವೆಷ್ಟೆಂದು ಅದು ತಿಳಿಸುತ್ತದೆ. ಮಗನು ಮುಖ್ಯ ಕಡತವೊಂದನ್ನೇ ವಾಟ್ಸ್ಯಾಪಿನಲ್ಲಿ ಕಳುಹಿಸಿದರೆ ಲೆಕ್ಕದ ಕಡತವು ಬೆಂಗಳೂರಿನಲ್ಲಿಯೇ ಉಳಿಯುತ್ತದೆ. ತೂಕ ಹಾಕಿಸುವ ಹೊತ್ತಿನಲ್ಲಿ ತಂದೆಯ ಕೈಯಲ್ಲಿರುವುದು ಗುಂಡಿಯೊತ್ತಿದರೂ ಉತ್ತರ ಕೊಡದ ಪುಟ. ಸರ್ವರಿನಲ್ಲಿ ಇಟ್ಟರಾಯಿತಲ್ಲವೆ ಎನ್ನಬಹುದು. ಆದರೆ ತೋಟದಲ್ಲಿ ಸಿಗ್ನಲ್ ಇಲ್ಲದಿರಬಹುದು. ವರ್ಷದ ಬಾಡಿಗೆ ಕಟ್ಟದಿದ್ದರೆ ವಿಳಾಸವೇ ಅಳಿದುಹೋಗಬಹುದು. ಈ ವರ್ಷ ಇಟ್ಟ ಕಾಯಿಯ ಲೆಕ್ಕವನ್ನು ಮುಂದಿನ ವರ್ಷ ತೀರಿಸಬೇಕಾದವನಿಗೆ ಇದು ಸಣ್ಣ ತೊಂದರೆಯಲ್ಲ.

ಪರಿಹಾರವೆಂದರೆ ಎಲ್ಲವನ್ನೂ ಮುಖ್ಯ ಕಡತದೊಳಗೇ ಸೇರಿಸಿಬಿಡುವುದು. ಅಲಂಕಾರದ ನಿಯಮಗಳೂ ಲೆಕ್ಕದ ಕ್ರಮವಿಧಿಯೂ ಅಕ್ಷರಗಳಲ್ಲಿಯೇ ಇರುವುದರಿಂದ ಅವನ್ನು ನೇರವಾಗಿ ಸೇರಿಸಬಹುದು. ಚಿತ್ರಗಳ ಪಾಡೇನು? ಅವು ಅಕ್ಷರಗಳಲ್ಲ, ಬರಿಯ ಬೈಟುಗಳು. ಇಲ್ಲಿ ಬೇಸ್-೬೪ ಎಂಬ ಕ್ರಮವು ನೆರವಿಗೆ ಬರುತ್ತದೆ. ಮೂರು ಬೈಟುಗಳಲ್ಲಿ ೨೪ ಬಿಟ್‌ಗಳಿವೆ. ಅವನ್ನು ಆರಾರರ ನಾಲ್ಕು ಗುಂಪು ಮಾಡಿದರೆ, ಪ್ರತಿ ಗುಂಪಿಗೂ ೬೪ ಬೆಲೆಗಳು ಸಾಧ್ಯ. ಇಂಗ್ಲಿಷಿನ ದೊಡ್ಡ ಅಕ್ಷರಗಳು ೨೬, ಸಣ್ಣವು ೨೬, ಅಂಕಿಗಳು ೧೦, ಜೊತೆಗೆ ಎರಡು ಚಿಹ್ನೆಗಳು. ಒಟ್ಟು ೬೪ ಆಯಿತು. ಹೀಗೆ ಯಾವ ಚಿತ್ರವನ್ನಾದರೂ ಅಕ್ಷರಗಳ ಸಾಲಾಗಿ ಬರೆಯಬಹುದು. ವಿಳಾಸವಿರಬೇಕಾದ ಕಡೆ ಆ ಸಾಲನ್ನೇ ಇಡುವ ವಿಧಾನವನ್ನು ಲ್ಯಾರಿ ಮಾಸಿಂಟರ್ ಅವರು ೧೯೯೮ರಲ್ಲಿ ವಿಧಿಬದ್ಧವಾಗಿ ನಿರೂಪಿಸಿದರು. ಮೂರು ಬೈಟಿಗೆ ನಾಲ್ಕು ಅಕ್ಷರವಾದುದರಿಂದ ಗಾತ್ರವು ಮೂರನೆಯ ಒಂದು ಪಾಲು ಹೆಚ್ಚುತ್ತದೆ: ೯೦ ಕಿಲೋಬೈಟಿನ ಚಿತ್ರ ೧೨೦ ಆಗುತ್ತದೆ. ಈ ಜೋಡಣೆಯನ್ನೆಲ್ಲ ಕೈಯಿಂದ ಮಾಡಬೇಕಾಗಿಲ್ಲ. ವೀಟ್, ವೆಬ್‌ಪ್ಯಾಕ್ ಮೊದಲಾದ ಸಾಧನಗಳು ತಕ್ಕ ಉಪಾಂಗಗಳ ನೆರವಿನಿಂದ ಕ್ಷಣಮಾತ್ರದಲ್ಲಿ ಮಾಡಿಕೊಡುತ್ತವೆ.

ಕನ್ನಡದ ಪುಟಕ್ಕೆ ವಿಶೇಷವಾದ ಎರಡು ಎಚ್ಚರಿಕೆಗಳಿವೆ. ಯೂನಿಕೋಡಿನ ಯು.ಟಿ.ಎಫ್.-೮ ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು ಬೇಕು. ‘ಕೊಬ್ಬರಿ’ ಎಂಬ ಪದದಲ್ಲಿ ಏಳು ಸಂಕೇತಗಳಿರುವುದರಿಂದ ೨೧ ಬೈಟಾಯಿತು. ಈ ಕ್ರಮದಲ್ಲಿ ಬರೆದಿದೆಯೆಂದು ಕಡತದ ಆರಂಭದಲ್ಲಿಯೇ ಹೇಳದಿದ್ದರೆ ಅಕ್ಷರಗಳು ಕಲಸಿಹೋಗಬಹುದು. ಇನ್ನು, ಫಾಂಟನ್ನು ಸೇರಿಸುವಾಗ ಗಾತ್ರ ತಗ್ಗಿಸಲೆಂದು ಅಜಾಗರೂಕತೆಯಿಂದ ಕತ್ತರಿಸಿದರೆ ಒತ್ತಕ್ಷರಗಳನ್ನು ಕೂಡಿಸುವ ನಿಯಮಗಳೂ ಹೋಗುತ್ತವೆ. ಆಗ ‘ಕೊಬ್ಬರಿ’ಯ ಬಕಾರದೊತ್ತು ಕೆಳಗಿಳಿಯದೆ ಪಕ್ಕದಲ್ಲಿಯೇ ನಿಲ್ಲುತ್ತದೆ. ಇಂದಿನ ಬಹುಪಾಲು ಫೋನುಗಳಲ್ಲಿ ಕನ್ನಡ ಫಾಂಟು ಇದ್ದೇ ಇರುವುದರಿಂದ ಅದನ್ನು ಬಿಟ್ಟುಬಿಡುವುದೇ ಅನೇಕ ವೇಳೆ ಲೇಸು.

ಈ ಉಪಾಯಕ್ಕೆ ಮಿತಿಗಳೂ ಉಂಟು. ಅಂದಂದಿನ ಮಾರುಕಟ್ಟೆಯ ದರವು ಕಡತದೊಳಗಿರಲಾರದು. ಅದನ್ನು ಕೇಳಿ ತಿಳಿದು ತುಂಬಬೇಕು. ಗುಪ್ತಪದವನ್ನು ಒಳಗಿಟ್ಟರೆ ಕಡತ ಸಿಕ್ಕಿದವರೆಲ್ಲರೂ ಓದಬಲ್ಲರು. ತುಂಬಿದ ಅಂಕಿಗಳು ಬ್ರೌಸರಿನ ನೆನಪಿನಲ್ಲಿ ಉಳಿದಾವೆಂಬ ಭರವಸೆಯಿಲ್ಲ. ಆದುದರಿಂದ ಅಂಕಿಗಳನ್ನೊಳಗೊಂಡ ಹೊಸ ಪ್ರತಿಯನ್ನೇ ಉಳಿಸಿಕೊಳ್ಳುವ ಗುಂಡಿಯೊಂದಿರಬೇಕು. ಜೆರೆಮಿ ರಸ್ಟನ್ ಅವರು ೨೦೦೪ರಲ್ಲಿ ಹೊರತಂದ ಟಿಡ್ಲಿವಿಕಿ ಎಂಬ ಟಿಪ್ಪಣಿ ಪುಸ್ತಕವು ಈ ಬಗೆಯಲ್ಲಿ ತನ್ನನ್ನೂ ತನ್ನ ಬರೆಹವನ್ನೂ ಒಂದೇ ಕಡತದಲ್ಲಿ ಉಳಿಸಿಕೊಳ್ಳಬಲ್ಲದು.

ಎಲ್ಲಕ್ಕಿಂತ ದೊಡ್ಡ ತೊಡಕು ಮತ್ತೊಂದು. ಲೆಕ್ಕದ ಸೂತ್ರದಲ್ಲಿ ತಪ್ಪಿದ್ದರೆ, ಸರ್ವರಿನಲ್ಲಿರುವ ಪುಟವನ್ನು ಒಮ್ಮೆ ತಿದ್ದಿದರೆ ಸಾಕು; ಮನೆಮನೆಗೆ ಹಂಚಿಹೋದ ಪ್ರತಿಗಳನ್ನು ಹಿಂದಕ್ಕೆ ಕರೆಯುವಂತಿಲ್ಲ. ಆ ತಪ್ಪು ಪ್ರತಿಯಿಂದಲೇ ಯಾರೋ ಕೂಲಿ ಬಟವಾಡೆ ಮಾಡುತ್ತಿರಬಹುದು. ಆದಕಾರಣ ಪುಟದ ಮೇಲ್ಭಾಗದಲ್ಲಿ ತಯಾರಿಸಿದ ದಿನಾಂಕ ದಪ್ಪಕ್ಷರದಲ್ಲಿರಬೇಕು. ಸೂತ್ರವೇನೆಂಬುದೂ ಓದಿ ತಾಳೆ ನೋಡುವಂತೆ ಕಾಣಬೇಕು.

ಕಟ್ಟು ಪೂರ್ಣವಾಗಿದೆಯೇ ಎಂದು ಪರೀಕ್ಷಿಸುವ ಬಗೆ ಸುಲಭ. ಕಡತವೊಂದನ್ನೇ ಬೇರೊಂದು ಫೋನಿಗೆ ಕಳುಹಿಸಿ, ಜಾಲಸಂಪರ್ಕವನ್ನು ತಪ್ಪಿಸಿ, ಬ್ರೌಸರಿನಲ್ಲಿಯೇ ತೆರೆಯಬೇಕು. ಕೆಲವು ಫೋನುಗಳ ಮುನ್ನೋಟದಲ್ಲಿ ಕ್ರಮವಿಧಿ ನಡೆಯುವುದಿಲ್ಲ. ಅಂಕಿಗಳನ್ನು ತುಂಬಿ, ಬಂದ ಉತ್ತರವನ್ನು ಕಾಗದದ ಮೇಲಿನ ಲೆಕ್ಕದೊಡನೆ ಹೋಲಿಸಬೇಕು. ಎರಡೂ ಒಂದಾದರೆ ಆ ಕಡತವನ್ನು ನಂಬಿ ಮಾರುಕಟ್ಟೆಗೆ ಹೊರಡಬಹುದು.